ಮೂರನೇ ಬೋಲ್ಟು

ಎರಡು ಬಂದವು.
ಒಂದು, ರಾತ್ರಿಯೆಲ್ಲಾ ಸೀಮೆಎಣ್ಣೆ ಕುಡಿದು
ಬೆಳಿಗ್ಗೆ ಸ್ಪ್ಯಾನರ್ ಮುಟ್ಟಿದ್ದೇ ತಡ, ಒಪ್ಪಿತು.
ಇನ್ನೊಂದು ಕಿರ್ರೆಂದು ಬೈಯುತ್ತ, ಬೈಯುತ್ತಲೇ ಬಂತು.
ಮೂರನೆಯದು
ಹುಟ್ಟಿದಾಗಿಂದ ಇಲ್ಲೇ ಇದ್ದೀನಿ, ಕೇಳೋಕೆ ನೀನ್ಯಾರು
ಅಂತ ಕೂತಿದೆ.

ಗೋವಾದಿಂದ ಬಂದ ಗಾಡಿ. ಎರಡೇ ಸೀಟು,
ಹೊಟ್ಟೆ ನೆಲಕ್ಕೆ ಒಂದು ಗೇಣು.
ಕಡಲಿನ ಉಪ್ಪು ತಿಂದು ಬೆಳೆದ ತುಕ್ಕು,
ಭದ್ರಾ ನಾಲೆಯ ನೀರಿಗೆ ತೊಳೆದು ಹೋಗುವಂಥದ್ದಲ್ಲ.
ದುಡ್ಡು ನನ್ನದು. ಐಟಿಐ ಹುಡುಗರಿಗೆ
ಅರ ಹಿಡಿಯುವುದು ಕಲಿಸಿ, ಚೀಟಿ ಕಟ್ಟಿ, ಎತ್ತಿದ್ದು.
"ಇಬ್ಬರು ಕೂರೋ ಕಾರು. ಮನ್ಯಾಗ ಮೂರು ಮಂದಿ."
ತಂದ ದಿನ ಅತ್ತೆ ಅಂದದ್ದು ಅಷ್ಟೇ.
ಆಮೇಲೆ ಹನ್ನೊಂದು ದಿನ ನಮ್ಮ ನಡುವೆ
ಅನ್ನದ ಸೌಟು ಮಾತ್ರ ಮಾತಾಡಿತು.

ಈಗ ಕೆಟಿಜೆ ನಗರದ ನಮ್ಮ ಗೇಟಿನೊಳಗೆ
ಹಿಂದಿನ ಗಾಲಿಗಳೆರಡೂ ಮೇಲೆ;
ಜಾಕಿನ ಮೇಲೆ ನಂಬಿಕೆ ಸಾಲದೆ ಅಡಿಗೆ ಸೈಜುಗಲ್ಲು.
ಗೋಣಿಚೀಲದ ಮೇಲೆ ನಾನು ಅಂಗಾತ,
ಕಣ್ಣಿಗೆ ತುಕ್ಕಿನ ಪುಡಿ, ಬಾಯಲ್ಲಿ ಕಬ್ಬಿಣದ ರುಚಿ.
ಸ್ಪ್ಯಾನರ್ ಜಾರಿ ಗೆಣ್ಣು ಸುಲಿದಾಗ
ನಾನಂದ ಮಾತನ್ನು
ನನ್ನ ವರ್ಕ್‌ಶಾಪಿನ ಹುಡುಗರೂ ಇನ್ನೂ ಕಲಿತಿಲ್ಲ.

ಆಗ ಗಾಡಿಯ ಪಕ್ಕ ಒಂದು ಜೊತೆ ಪಾದ.
ಒಡೆದ ಹಿಮ್ಮಡಿ. ಕಾಲುಂಗುರ ತೆಗೆದ ಕಡೆ
ಇಪ್ಪತ್ತು ವರ್ಷವಾದರೂ ಮಾಸದ ಗೆರೆ.
"ಲೈಟು ಯಾ ಕಡೆ ಬಿಡ್ಲಿ?"
"ಎಡಕ್ಕೆ," ಅಂದೆ.

ಟಾರ್ಚು ಹಿಡಿದು ಹಾಲವ್ವ ಬಗ್ಗಿದರು.
ಮಂಡಕ್ಕಿ ಭಟ್ಟಿಯ ಮುಂದೆ ಮೂವತ್ತು ವರ್ಷ ನಿಂತ ಕೈ,
ಉಸುಕು ಎಷ್ಟು ಕಾದಿದೆಯೆಂದು ಮುಟ್ಟದೆ ಹೇಳುವ ಕೈ.
"ಕಾಸಿದ್ಯಾ?"
"ಬ್ಲೋಲ್ಯಾಂಪ್ ಹಿಡಿದೆ."
"ಎಷ್ಟೊತ್ತು?"
"ಎರಡು ನಿಮಿಷ."
"ಅಷ್ಟಕ್ಕ ಒಲೆಗೂ ಎಚ್ಚರ ಆಗಂಗಿಲ್ಲ.
ಇನ್ನೊಂದೀಟು ಕಾಸು. ಪೂರಾ ಕೆಂಪಗ ಆಗಾಕ ಬಿಡಬ್ಯಾಡ,
ಕೆಂಪಿಗಿಂತ ಮುಂಚೆ ಒಂದು ಬಣ್ಣ ಐತಿ, ಅಲ್ಲಿ ನಿಲ್ಸು."
ಟ್ಯಾಂಕಿನ ಕಡೆಗೆ ಒದ್ದೆ ಗೋಣಿ ಹೊದಿಸಿ ಕಾಸಿದೆ.
ಆ ಬಣ್ಣ ನನಗೆ ಕಾಣಲಿಲ್ಲ.
"ಸಾಕು," ಅಂದರು, ಅವರಿಗೆ ಕಂಡಿತ್ತು.

"ಈಗ ಬಿಚ್ಚಬ್ಯಾಡ. ಮೊದ್ಲು ಬಿಗಿ ಮಾಡು."
"ಬಿಗಿಯಾಗೇ ಇದೆಯಲ್ಲ ಅತ್ತೆ."
"ಅದಕ್ಕಾ ಹೇಳಿದ್ದು. ತಾನು ಗೆದ್ದೆ ಅನ್ಕೊಂತತಿ."

ನಾನೂ ಹುಡುಗರಿಗೆ ಇದನ್ನೇ ಹೇಳುತ್ತೇನೆ.
ಹೇಳುವಾಗ ನೆನಪಿರುತ್ತದೆ.

ಸ್ಪ್ಯಾನರಿನ ಬಾಲಕ್ಕೆ ಹಳೇ ಬೋರಿನ ಪೈಪು ತೊಡಿಸಿ
ಕೂದಲೆಳೆಯಷ್ಟು ಬಲಕ್ಕೆ.
ಟಣ್.
ಮುರಿಯಿತೆಂದು ಇಬ್ಬರೂ ಉಸಿರು ಹಿಡಿದೆವು.
ಮುರಿದಿರಲಿಲ್ಲ. ಎಡಕ್ಕೆ ಕಾಲು ಸುತ್ತು, ಅರ್ಧ,
ಆಮೇಲೆ ಬೆರಳಲ್ಲೇ.

ಉಳಿದದ್ದು ರಬ್ಬರಿನ ಎರಡು ಕೊಂಡಿ.
ಸೋಪಿನ ನೀರು ಅವರೇ ತಂದರು,
ಬಿಗಿ ಬಳೆ ಇಳಿಸುವಾಗ ಮುಂಗೈಗೆ ಸವರುವ ಹಾಗೆ ಸವರಿದರು.
ಸೈಲೆನ್ಸರ್ ಒಮ್ಮೆಲೇ ನನ್ನ ಎದೆಗೆ ಇಳಿಯಿತು.
ಎಳೆದು ಹೊರಗೆ ತಂದು ಬಗ್ಗಿಸಿದರೆ
ಕಪ್ಪು ನೀರು, ತುಕ್ಕಿನ ಹಕ್ಕಳೆ,
ಕೊನೆಗೆ ಅರ್ಧ ಬೊಗಸೆ ಉಸುಕು.
ಅತ್ತೆ ಬೆರಳಲ್ಲಿ ತಿಕ್ಕಿ ನೋಡಿದರು.
"ಭಟ್ಟಿಗೆ ಬರಂಗಿಲ್ಲ. ಸಣ್ಣದು."

"ಚಾಲೂ ಮಾಡು ನೋಡಾಣ."
"ಸೈಲೆನ್ಸರ್ ಇಲ್ಲ ಅತ್ತೆ, ಓಣಿಯೆಲ್ಲಾ..."
"ಮಾಡು."

ಕಲ್ಲು ತೆಗೆದು, ಜಾಕು ಇಳಿಸಿ, ಮಾಡಿದೆ.
ಎದುರು ಮನೆಯ ತಗಡು ನಡುಗಿತು,
ಮೂರು ಬಾಗಿಲು ತೆರೆದವು, ಒಂದು ನಾಯಿ ಮೋರಿ ಹಾರಿತು.
ಹುಬ್ಬಳ್ಳಿಗೆ ಲೋಡು ಇಳಿಸಿ ಆಗಷ್ಟೇ ಬಂದ ತಿಪ್ಪೇಶಿ
ಗೇಟಿನಲ್ಲಿ ನಿಂತು ಏನೋ ಕೇಳಿದ.
ತುಟಿ ಆಡಿದ್ದು ಕಂಡಿತು, ಅಷ್ಟೇ.

ಎಡದ ಸೀಟಿನಲ್ಲಿ ಅವನ ತಾಯಿ
ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದಕ್ಕೆ ನೋಡುತ್ತ,
ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು.
ಮಡಿಲಲ್ಲಿ ಬಿಚ್ಚಿದ ಚಂಚಿ,
ಚಂಚಿಯೊಳಗೆ ಅಡಿಕೆ ಹೋಳಿನ ನಡುವೆ ಆ ಬೋಲ್ಟು.
ಇನ್ನೂ ಬಿಸಿಯೇ ಇದ್ದಿರಬೇಕು.